ಕೈಯಾರೆ ಮಾಡಿದ ಕಾಣಿಕೆ

ವಿಜಯದಶಮಿಯ ಸಂಜೆ ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಒಂದು ಸೊಗಸಾದ ವಾಡಿಕೆಯುಂಟು. ಊರ ಹೊರಗಿನ ಬನ್ನಿಯ ಮರಕ್ಕೆ ಪೂಜೆ ಸಲ್ಲಿಸಿ ಬಂದವರು ಮನೆಮನೆಗೆ ಹೋಗಿ, ಹಿರಿಯರ ಕೈಗೆ ನಾಲ್ಕು ಬನ್ನಿಯ ಎಲೆಗಳನ್ನಿತ್ತು ನಮಸ್ಕರಿಸುತ್ತಾರೆ. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂಬುದು ಆಗ ಆಡುವ ಮಾತು. ವರ್ಷವಿಡೀ ಮಾತು ಬಿಟ್ಟವರೂ ಅಂದು ಬನ್ನಿಯ ನೆಪದಲ್ಲಿ ಒಬ್ಬರ ಹೊಸ್ತಿಲನ್ನು ಮತ್ತೊಬ್ಬರು ತುಳಿಯುತ್ತಾರೆ. ಆ ಎಲೆ ಮರುದಿನವೇ ಬಾಡಿ ಉದುರುವಂಥದು. ಆದರೂ ಅದನ್ನು ನಾವು ಬಂಗಾರವೆನ್ನುತ್ತೇವೆ. ಏಕೆ? ಕೊಡುವವನು ಅದನ್ನು ತಾನೇ ತಂದಿದ್ದಾನೆ. ತಾನೇ ನಡೆದು ಬಂದಿದ್ದಾನೆ. ತನ್ನ ಕೈಯಿಂದಲೇ ನಮ್ಮ ಕೈಗೆ ಇಡುತ್ತಿದ್ದಾನೆ. ಸಂಕ್ರಾಂತಿಯ ಕುಸುರೆಳ್ಳಿನ ಮಾತೂ ಇದೇ. ಕೈಯಿಂದ ಕೈಗೆ ಸಲ್ಲುವ ಹಾರೈಕೆಗೆ ಬೇರೊಂದು ಬೆಲೆಯಿದೆ ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಹತ್ತಿರವಿರುವವರಿಗೆ ಎಲೆ ಕೊಡಬಹುದು, ದೂರವಿರುವವರಿಗೆ? ಅಂಚೆಯ ವ್ಯವಸ್ಥೆ ಈ ಕೊರತೆಯನ್ನು ನೀಗಿಸಿತು. ಭಾರತದಲ್ಲಿ 1879ರ ಜುಲೈ 1ರಂದು ಕಾಲಾಣೆಯ ಅಂಚೆ ಕಾರ್ಡು ಬಂದಿತು. ಬಡವನೂ ಆ ಕಾಲಾಣೆಯಲ್ಲಿ ತನ್ನ ಮಗಳ ಕ್ಷೇಮವನ್ನು ವಿಚಾರಿಸುವಂತಾಯಿತು. ಅಚ್ಚಾದ ಶುಭಾಶಯ ಪತ್ರದ ಕಥೆ ಇದಕ್ಕಿಂತ ಹಿಂದಿನದು. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದ ಮೇಲೆ ಜನ ಹಬ್ಬಕ್ಕೆ ಒಬ್ಬರಿಗೊಬ್ಬರು ಹೇರಳವಾಗಿ ಪತ್ರ ಬರೆಯತೊಡಗಿದರು. ಸರ್ ಹೆನ್ರಿ ಕೋಲ್ ಎಂದು ಮುಂದೆ ಹೆಸರಾದ ಅಧಿಕಾರಿಯೊಬ್ಬರು ಆಗ ಲಂಡನ್ನಿನಲ್ಲಿದ್ದರು. ಬಂದ ಪತ್ರಗಳಿಗೆಲ್ಲ ಉತ್ತರ ಬರೆಯಲು ಅವರಿಗೆ ಬಿಡುವಿರಲಿಲ್ಲ. ಆದ್ದರಿಂದ 1843ರಲ್ಲಿ ಜಾನ್ ಕಾಲ್‌ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರರಿಂದ ಒಂದು ಚಿತ್ರ ಬರೆಯಿಸಿ, ಸುಮಾರು 1000 ಪ್ರತಿಗಳನ್ನು ಅಚ್ಚು ಹಾಕಿಸಿದರು. ತಮಗೆ ಬೇಕಾದಷ್ಟನ್ನು ಬಳಸಿ, ಮಿಕ್ಕವನ್ನು ಒಂದು ಶಿಲಿಂಗಿಗೆ ಒಂದರಂತೆ ಮಾರಾಟಕ್ಕಿಟ್ಟರು. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಪತ್ರ ಇದೇ ಎನ್ನುತ್ತಾರೆ.

ಈ ಪ್ರಸಂಗವನ್ನು ಓದಿದಾಗ ನನಗೆ ನಗುವೂ ಬಂದಿತು, ಯೋಚನೆಯೂ ಬಂದಿತು. ಅಚ್ಚಿನ ಶುಭಾಶಯ ಪತ್ರ ಹುಟ್ಟಿದ್ದು ಪ್ರೀತಿ ಹೆಚ್ಚಾಗಿ ಅಲ್ಲ, ಬಿಡುವು ಕಡಿಮೆಯಾಗಿ! ಇಂದು ನಮ್ಮ ಕೈಯಲ್ಲಿರುವ ಮೊಬೈಲ್ ಫೋನು ಕೋಲರ ಉಪಾಯವನ್ನು ಕೊನೆಯ ಮೆಟ್ಟಿಲಿಗೆ ಕೊಂಡೊಯ್ದಿದೆ. ಯುಗಾದಿಯ ದಿನ ಬೆಳಗಾಗುವುದರೊಳಗೆ ನೂರು ಶುಭಾಶಯಗಳು ಬಂದು ಬೀಳುತ್ತವೆ. ಅದೇ ಮಾವಿನ ತೋರಣ, ಅದೇ ಬೇವು ಬೆಲ್ಲ. ಏಳು ಜನರಿಂದ ಒಂದೇ ಚಿತ್ರ. ಕಳಿಸಿದವರು ಅದನ್ನು ಓದಿದ್ದಾರೆಂಬ ಭರವಸೆಯಿಲ್ಲ, ನಾವೂ ಓದುವುದಿಲ್ಲ. ಓದದೆ ಬಂದುದನ್ನು ಓದದೆಯೇ ಮುಂದಕ್ಕೆ ಸಾಗಿಸುತ್ತೇವೆ. ಹಾರೈಕೆಗಳ ಸಂಖ್ಯೆ ಬೆಳೆದಿದೆ. ಹಾರೈಸುವವರು ಮಾತ್ರ ಕಾಣೆಯಾಗಿದ್ದಾರೆ.

ನಾನು ಹೊಸ ಸಾಧನಗಳ ವೈರಿಯಲ್ಲ. ಮನೆಯಲ್ಲಿ ಕಾಯಿಲೆಯಾದಾಗ, ದೂರದ ಮಗನ ದನಿ ಕೇಳಬೇಕೆನಿಸಿದಾಗ, ಫೋನಿನಂಥ ಉಪಕಾರಿ ಮತ್ತೊಂದಿಲ್ಲ. ಕೊಂಡು ತಂದ ಶುಭಾಶಯ ಪತ್ರವೂ ಪಾಪದ ವಸ್ತುವಲ್ಲ. ನನ್ನ ವಾದ ಇಷ್ಟೇ: ಕಳಿಸುವುದು ಸುಲಭವಾಯಿತೆಂದು ಮಾಡುವುದನ್ನು ಮರೆತರೆ, ನಷ್ಟ ನಮ್ಮದೇ. ತನ್ನ ಕೈಯಿಂದ ಒಂದು ಶುಭಾಶಯ ಪತ್ರವನ್ನು ಮಾಡುವುದು, ತನ್ನ ಬಾಳಿನ ತುಣುಕುಗಳನ್ನು ಒಂದು ಪುಸ್ತಕದಲ್ಲಿ ಅಂಟಿಸಿಡುವುದು, ಇವು ಮಕ್ಕಳಾಟಗಳಲ್ಲ. ಪಾಠದಷ್ಟೇ ಮುಖ್ಯವಾದ ಕೆಲವು ಗುಣಗಳನ್ನು ಇವು ಸದ್ದಿಲ್ಲದೆ ಕಲಿಸುತ್ತವೆ.

ಪತ್ರವನ್ನು ಮಾಡಲು ಕುಳಿತವನ ಮುಂದೆ ಮೊದಲು ನಿಲ್ಲುವ ಪ್ರಶ್ನೆ 'ಹೇಗೆ' ಎಂಬುದಲ್ಲ, 'ಯಾರಿಗೆ' ಎಂಬುದು. ಅಜ್ಜಿಗೆ ಕಣ್ಣು ಮಂಜು, ಅಕ್ಷರ ದೊಡ್ಡದಾಗಿರಬೇಕು. ಗೆಳೆಯನಿಗೆ ಹಕ್ಕಿಗಳೆಂದರೆ ಪ್ರಾಣ; ಹೂವಿಗಿಂತ ಗೀಜಗದ ಗೂಡು ಅವನಿಗೆ ಹೆಚ್ಚು ಇಷ್ಟವಾದೀತು. ಮದುವೆಯಾಗಿ ದೂರ ಹೋದ ಅಕ್ಕನಿಗೆ ನಮ್ಮ ಹಿತ್ತಿಲ ಪಾರಿಜಾತದ ಎಲೆಯೊಂದನ್ನು ಅಂಟಿಸಿದರೆ ಸಾಕು, ಬೇರೆ ಮಾತೇ ಬೇಡ. ಹೀಗೆ ಅರ್ಧ ಗಂಟೆ ಮತ್ತೊಬ್ಬರನ್ನು ಮನಸ್ಸಿನಲ್ಲಿ ಕೂರಿಸಿಕೊಂಡು, ಅವರ ಇಷ್ಟಾನಿಷ್ಟಗಳನ್ನು ನೆನೆಯುವುದಿದೆಯಲ್ಲ, ಅದೇ ನಿಜವಾದ ಶುಭಾಶಯ. ಕಾಗದ ಅದರ ಗುರುತು ಮಾತ್ರ. ಅಂಗಡಿಯ ಪತ್ರ ಎಲ್ಲರಿಗೂ ಹೊಂದುವಂತೆ ಸಿದ್ಧವಾಗಿರುತ್ತದೆ. ಎಲ್ಲರಿಗೂ ಹೊಂದುವ ಮಾತು ಯಾರೊಬ್ಬರ ಮನಸ್ಸನ್ನೂ ಮುಟ್ಟುವುದು ಅಪರೂಪ.

ಎರಡನೆಯ ಮಹಾಯುದ್ಧ ಮುಗಿದ ಬಳಿಕ ಯೂರೋಪಿನ ಅನೇಕ ಮಕ್ಕಳು ಹಸಿವಿನಿಂದ ನರಳುತ್ತಿದ್ದರು. ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಅವರಿಗೆ ನೆರವು ನೀಡಿತು. ಆಗಿನ ಚೆಕೊಸ್ಲೊವಾಕಿಯಾ ದೇಶದ ಹಳ್ಳಿಯೊಂದರ ಏಳು ವರ್ಷದ ಹುಡುಗಿ ಜಿತ್ಕಾ ಸಾಮ್ಕೋವಾ ಕೃತಜ್ಞತೆಯಿಂದ ಒಂದು ಚಿತ್ರ ಬರೆದಳು: ಕಂಬದ ಸುತ್ತ ನಲಿದು ಕುಣಿಯುವ ಹುಡುಗಿಯರ ಚಿತ್ರ. ಕಾಗದ ದೊರೆಯದೆ ಅವಳು ಅದನ್ನು ಗಾಜಿನ ತುಂಡಿನ ಮೇಲೆ ಬರೆದಳಂತೆ. ಅವಳ ಉಪಾಧ್ಯಾಯರು ಅದನ್ನು ಯುನಿಸೆಫಿಗೆ ತಲುಪಿಸಿದರು. 1949ರಲ್ಲಿ ಆ ಚಿತ್ರವೇ ಯುನಿಸೆಫಿನ ಮೊದಲ ಶುಭಾಶಯ ಪತ್ರವಾಗಿ ಅಚ್ಚಾಯಿತು. ಮುಂದೆ ಇಂಥ ಪತ್ರಗಳ ಮಾರಾಟದಿಂದ ಬಂದ ಹಣ ಜಗತ್ತಿನ ಎಷ್ಟೋ ಮಕ್ಕಳಿಗೆ ನೆರವಾಯಿತು. ಕಾಗದವಿಲ್ಲವೆಂದು ಆ ಮಗು ಸುಮ್ಮನಾಗಿದ್ದರೆ?

ಇನ್ನು ಪುಸ್ತಕದ ಮಾತು. ಚಿತ್ರ, ಪತ್ರಿಕೆಯ ತುಣುಕು, ಅಂಚೆಚೀಟಿ, ಎಲೆ, ಚೀಟಿಗಳನ್ನು ಅಂಟಿಸಿಡುವ ಪುಸ್ತಕವನ್ನು ಶಾಲೆಗಳಲ್ಲಿ 'ಸ್ಕ್ರ್ಯಾಪ್ ಬುಕ್' ಎಂದು ಕರೆಯುತ್ತಾರೆ. ಈ ಹವ್ಯಾಸಕ್ಕೆ ಮನಸೋತ ದೊಡ್ಡವರು ಹಲವರು. ಅಮೆರಿಕದ ಹಾಸ್ಯ ಲೇಖಕ ಮಾರ್ಕ್ ಟ್ವೇನರಿಗೆ ಇದರ ಹುಚ್ಚು ಎಷ್ಟಿತ್ತೆಂದರೆ, ಗೋಂದಿನ ಕಾಟ ತಪ್ಪಿಸಲು, ನೀರು ಸವರಿದರೆ ತಾನೇ ಅಂಟಿಕೊಳ್ಳುವ ಹಾಳೆಗಳ ಪುಸ್ತಕವೊಂದನ್ನು ರೂಪಿಸಿ 1873ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅದೇ ದೇಶದ ಕವಯಿತ್ರಿ ಎಮಿಲಿ ಡಿಕಿನ್‌ಸನ್ ಹೆಚ್ಚುಕಡಿಮೆ ನಿಮ್ಮ ವಯಸ್ಸಿನವರಾಗಿದ್ದಾಗಲೇ 424 ಗಿಡಹೂಗಳನ್ನು ಒಣಗಿಸಿ, ಹಾಳೆಗಳ ಮೇಲೆ ಅಂದವಾಗಿ ಅಂಟಿಸಿ, ಹೆಸರುಗಳನ್ನು ಬರೆದಿಟ್ಟರು. ಆ ಪುಸ್ತಕವನ್ನು ಹಾರ್ವರ್ಡ್ ವಿಶ್ವವಿದ್ಯಾಲಯ ಇಂದಿಗೂ ನಿಧಿಯಂತೆ ಕಾಪಾಡಿದೆ. ಡೆನ್ಮಾರ್ಕಿನ ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಮಕ್ಕಳಿಗೆ ಕಥೆ ಹೇಳುತ್ತ ಹೇಳುತ್ತಲೇ ಕತ್ತರಿಯಿಂದ ಕಾಗದದಲ್ಲಿ ಚಿತ್ರ ಬಿಡಿಸುತ್ತಿದ್ದರು. ಗೆಳೆಯರ ಮಕ್ಕಳಿಗಾಗಿ ಚಿತ್ರಗಳನ್ನು ಅಂಟಿಸಿ ಪುಸ್ತಕಗಳನ್ನೂ ಮಾಡಿಕೊಟ್ಟರು. ನಮ್ಮ ದೇಶದ ಮಹಾನ್ ಚಿತ್ರಕಾರ ನಂದಲಾಲ ಬೋಸರು ಶಾಂತಿನಿಕೇತನದಿಂದ ತಮ್ಮ ಶಿಷ್ಯರಿಗೆ, ಗೆಳೆಯರಿಗೆ ಅಂಚೆ ಕಾರ್ಡುಗಳ ಮೇಲೆ ಕೈಯಾರೆ ಚಿತ್ರ ಬರೆದು ಕಳಿಸುತ್ತಿದ್ದರು.

ಇಷ್ಟೆಲ್ಲ ಹೇಳುವ ನಾನು ಒಮ್ಮೆ ಈ ವಿಷಯದಲ್ಲಿ ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳುವುದು ನ್ಯಾಯವಲ್ಲ.

1990ರ ಸುಮಾರಿಗೆ ನಾನು ಇಳಕಲ್ಲಿನ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ 'ನಮ್ಮ ಊರು' ಎಂಬ ವಿಷಯದ ಮೇಲೆ ಪುಸ್ತಕ ಮಾಡಿ ತರಲು ಹೇಳಿದೆ. ಒಬ್ಬ ಹುಡುಗ ಹೊಳೆಯುವ ಹೊದಿಕೆಯ ದೊಡ್ಡ ಪುಸ್ತಕ ತಂದ. ಅಂಗಡಿಯಲ್ಲಿ ದೊರೆಯುವ ಅಚ್ಚಿನ ಚಿತ್ರಗಳು. ಗೆರೆ ಹಾಕಿದಂತೆ ನೇರವಾದ ಅಂಚು. ಅಕ್ಷರಗಳು ಅವನ ಅಣ್ಣನವು. ಅದರಲ್ಲಿ ಮೈಸೂರಿನ ಅರಮನೆ, ಜೋಗದ ಜಲಪಾತಗಳಿದ್ದವು; ನಮ್ಮ ಊರು ಮಾತ್ರ ಇರಲಿಲ್ಲ. ನಾನು ಅದಕ್ಕೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟೆ. ಒಬ್ಬ ಹುಡುಗಿ ತಂದದ್ದು ಬರೆದು ಮುಗಿದ ನೋಟ್‌ಬುಕ್ಕು. ಅದಕ್ಕೆ ಗೋಣಿದಾರದ ಹೊಲಿಗೆ. ಒಳಗೆ ಗಂಟುಗಂಟಾದ ಮೈದಾಹಿಟ್ಟಿನ ಅಂಟು. ಬಸ್ಸಿನ ಟಿಕೆಟ್ಟು, ಸಂತೆಯ ಚೀಟಿ, ಜೋಳದ ಗರಿ, ನಡುನಡುವೆ ಬಣ್ಣದ ದಾರದ ಎಳೆಗಳು, ಬಟ್ಟೆಯ ಚೂರುಗಳು. ಹಾಳೆಗಳು ಸುಕ್ಕುಗಟ್ಟಿದ್ದವು. ನಾನು ಕೆಂಪು ಮಸಿಯಲ್ಲಿ '10ಕ್ಕೆ 4. ಅಂದವಿಲ್ಲ' ಎಂದು ಬರೆದೆ. ಅವಳು ಮೆಲ್ಲಗೆ, "ಇವು ನಮ್ಮ ಅಪ್ಪನ ಮಗ್ಗದ್ವು ರೀ ಸರ" ಎಂದಳು. ಮುಂದಿನ ಪುಸ್ತಕ ತೆಗೆಯುವ ಅವಸರದಲ್ಲಿ ನಾನು ಆ ಮಾತನ್ನು ಕೇಳಿಯೂ ಕೇಳದಂತಾದೆ.

ನಾನು ನಿವೃತ್ತನಾಗುವ ಹಿಂದಿನ ವರ್ಷ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. "ಗುರ್ತು ಸಿಕ್ತೇನ್ರೀ ಸರ?" ಎಂದು ಕೇಳಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಆ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟಳು. ಅವಳ ತಂದೆ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ವಿದ್ಯುತ್ ಮಗ್ಗಗಳ ಪೈಪೋಟಿಯಲ್ಲಿ ಕೈಮಗ್ಗ ನಿಂತಿತ್ತು. ಅದರ ಮರಮುಟ್ಟೂ ಮಾರಾಟವಾಗಿತ್ತು. ಅವರು ನೇಯ್ದ ಸೀರೆಗಳೆಲ್ಲ ಯಾರ ಯಾರ ಮನೆಗಳಲ್ಲಿಯೋ ಹರಿದು ಹೋಗಿದ್ದವು. ಉಳಿದದ್ದು ಈ ಪುಸ್ತಕವೊಂದೇ. ನಾನು ಆಗ ಮೊದಲ ಬಾರಿಗೆ ಅದನ್ನು ನಿಜವಾಗಿ ಓದಿದೆ. ಗೋಮಿ, ಗಾಡಿ, ಚಿಕ್ಕಿಪರಾಸ ಎಂದು ಪ್ರತಿಯೊಂದು ದಡಿಯ ಚೂರಿನ ಕೆಳಗೂ ಹೆಸರು. ಕೆಂಪು ಎಳೆಯ ಪಕ್ಕದಲ್ಲಿ ಅದಕ್ಕೆ ಬಣ್ಣ ಕಟ್ಟಿದ ಬಗೆ. ಒಂದು ಪುಟದಲ್ಲಿ ಸೆರಗಿನ ತೋಪುತೆನೆಯ ತುಂಡು. ಅಕ್ಷರ ಬಾರದ ತಂದೆ ಮಗ್ಗದ ಗುಂಡಿಯಲ್ಲಿ ಕುಳಿತು ಹೇಳಿದ್ದಾರೆ. ಮಗಳು ಪಕ್ಕದಲ್ಲಿ ಕುಳಿತು ಬರೆದುಕೊಂಡಿದ್ದಾಳೆ. "ಅಪ್ಪನ ಕೈ ಇದ್ರಾಗ ಐತ್ರೀ ಸರ. ಮೊಮ್ಮಗಳು ನೋಡ್ಲಿ ಅಂತ ಇಟ್ಟೀನಿ" ಎಂದಳು.

ಆ ಪುಟಗಳ ಮೇಲೆ ನನ್ನ ಕೆಂಪು ಮಸಿ ಹಾಗೆಯೇ ಇತ್ತು. ನಾಚಿಕೆಯಿಂದ, "ಅದನ್ನು ಹೊಡೆದು ಹಾಕಲೇನಮ್ಮ?" ಎಂದೆ. ಅವಳು ನಕ್ಕು, "ಇರ್ಲಿ ಬಿಡ್ರೀ ಸರ, ಅದೂ ಆ ಕಾಲದ್ದೇ ಅಲ್ಲೇನ್ರೀ?" ಎಂದಳು. ಅವಳ ಪುಸ್ತಕದಲ್ಲಿ ಬಸ್ಸಿನ ಟಿಕೆಟ್ಟಿಗೆ ಜಾಗವಿದ್ದಂತೆ ಮೇಷ್ಟರ ತಪ್ಪಿಗೂ ಜಾಗವಿತ್ತು.

ಅಂದಿನಿಂದ ಈ ಹವ್ಯಾಸದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಅಂಕಕ್ಕಾಗಿ ಮಾಡಿದ ಪುಸ್ತಕ ಅಂಕದೊಡನೆ ಮುಗಿಯುತ್ತದೆ. ಕೊಂಡು ತಂದ ಚಿತ್ರಗಳನ್ನು ಸಾಲಾಗಿ ಅಂಟಿಸುವುದರಿಂದ ಅಂಗಡಿಯವನಿಗೆ ಲಾಭವೇ ಹೊರತು ಅಂಟಿಸಿದವನಿಗೆ ಏನೂ ದಕ್ಕುವುದಿಲ್ಲ. ಅಣ್ಣನೋ ಅಮ್ಮನೋ ಮಾಡಿಕೊಟ್ಟ ಪುಸ್ತಕವನ್ನು ತನ್ನದೆಂದು ಒಪ್ಪಿಸುವುದಂತೂ ಸುಳ್ಳಿನ ಮೊದಲ ಪಾಠ. ಉಪಾಧ್ಯಾಯರಾದವರು ಹೊಳಪಿಗೆ ಮರುಳಾಗದೆ, 'ಇದರಲ್ಲಿ ಮಗು ಕಂಡದ್ದು ಏನು?' ಎಂದು ಕೇಳಬೇಕು. ಈ ಮಾತನ್ನು ನಾನು ಬೇರೆಯವರಿಗಿಂತ ಮೊದಲು ನನಗೇ ಹೇಳಿಕೊಳ್ಳುತ್ತಿದ್ದೇನೆ.

ಕೆಲವರು ಆಕ್ಷೇಪಿಸಬಹುದು: ಪರೀಕ್ಷೆಯ ಓದಿನ ನಡುವೆ ಇದಕ್ಕೆಲ್ಲ ಸಮಯವೆಲ್ಲಿ? ಭಾನುವಾರದ ಒಂದು ಗಂಟೆ ಸಾಕು. ಹವ್ಯಾಸ ಓದಿನ ಕಾಲವನ್ನು ಕದಿಯುವುದಿಲ್ಲ. ಕೈಗೆ ಕೆಲಸ ದೊರೆತ ಮನಸ್ಸು ವಿಶ್ರಾಂತಿ ಪಡೆದು ಓದಿಗೆ ಮರಳುತ್ತದೆ. ಮತ್ತೆ ಕೆಲವರು, 'ನಮಗೆ ಚಿತ್ರ ಬರೆಯಲು ಬಾರದು' ಎನ್ನುತ್ತಾರೆ. ಅವರಿಗಾಗಿಯೇ ನಮ್ಮ ತಾಯಂದಿರು ಕಸೂತಿಯನ್ನು ಉಳಿಸಿದ್ದಾರೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ಕಸೂತಿಯ ಹೊಲಿಗೆಗಳೆಲ್ಲ ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವಂಥವು. ಆದ್ದರಿಂದ ಗಣಿತದ ಗ್ರಾಫ್ ಹಾಳೆಯ ಮೇಲೆ ಚೌಕಗಳನ್ನು ಎಣಿಸುತ್ತ ಹೋದರೆ ಕಸೂತಿಯ ಗೋಪುರ, ತೇರು, ತುಳಸಿಕಟ್ಟೆಗಳನ್ನು ಯಾರು ಬೇಕಾದರೂ ಬಿಡಿಸಬಹುದು. ಅಜ್ಜಿಯ ಹಳೆಯ ಸೀರೆಯನ್ನು ಮುಂದಿಟ್ಟುಕೊಂಡು ಒಂದು ತೇರನ್ನು ಎಣಿಸಿ ನೋಡಿರಿ. ಅಜ್ಜಿಯ ಗಣಿತ ಎಷ್ಟು ಚೊಕ್ಕವೆಂಬುದು ತಿಳಿಯುತ್ತದೆ.

ಖರ್ಚಿನ ಚಿಂತೆಯೂ ಬೇಡ. ಹಳೆಯ ಲಗ್ನಪತ್ರಿಕೆಯ ಬೆನ್ನು, ಕ್ಯಾಲೆಂಡರಿನ ಖಾಲಿ ಬದಿ, ಬಟ್ಟೆ ಅಂಗಡಿಯ ರಟ್ಟಿನ ಪೆಟ್ಟಿಗೆ ಇವೇ ಬಂಡವಾಳ. ಗಾಂಧೀಜಿಯವರು ತಮಗೆ ಬಂದ ಲಕೋಟೆಗಳನ್ನು ಬಿಡಿಸಿ ಅವುಗಳ ಒಳಬದಿಯಲ್ಲಿ ಬರೆಯುತ್ತಿದ್ದರೆಂಬುದನ್ನು ನೀವು ಕೇಳಿರಬಹುದು. ಮಿನುಗುವ ಪುಡಿ, ಪ್ಲಾಸ್ಟಿಕ್ಕಿನ ಹೂಗಳನ್ನು ದುಬಾರಿ ಬೆಲೆಗೆ ಕೊಂಡು ತಂದು ಮೆತ್ತುವುದು ಹವ್ಯಾಸವಲ್ಲ. ಅದು ಮತ್ತೊಂದು ಬಗೆಯ ವ್ಯಾಪಾರ. ಅಂಟಿಗೆ ಎರಡು ಚಮಚ ಮೈದಾ ಸಾಕು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಸಣ್ಣ ಉರಿಯಲ್ಲಿ ತಿರುವುತ್ತ ಕಾಯಿಸಬೇಕು. ಅದನ್ನು ತೆಳ್ಳಗೆ ಸವರಿ, ಪುಟದ ಮೇಲೆ ಭಾರವಿಟ್ಟು ಒಣಗಿಸಿದರೆ ಹಾಳೆ ಸುಕ್ಕಾಗದು. ರಟ್ಟು ಕಟ್ಟುವವರು ಹುಳು ಬೀಳದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುವುದುಂಟು. ಅದು ವಿಷವಾದುದರಿಂದ ನೀವು ಮುಟ್ಟಬೇಡಿರಿ. ಎರಡು ದಿನಕ್ಕಾಗುವಷ್ಟೇ ಅಂಟು ಮಾಡಿಕೊಳ್ಳಿರಿ. ನಮ್ಮ ನಾಡಿನಲ್ಲಿ ಹಿಂದೆ ಲೆಕ್ಕಪತ್ರ ಬರೆಯುತ್ತಿದ್ದ ಕಡತಗಳನ್ನು ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿಗಳನ್ನು ಬಳಿದು ಮಾಡುತ್ತಿದ್ದರು. ಅಂಥ ಕಡತಗಳು ಇಂದಿಗೂ ಉಳಿದಿವೆ. ಅಡುಗೆಮನೆಯ ವಸ್ತುವಿನಿಂದ ನೂರಾರು ವರ್ಷ ಬಾಳುವ ಪುಸ್ತಕ ಮಾಡಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹೂ ಎಲೆಗಳನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಇರಿಸಿ, ಮೇಲೆ ಭಾರವಿಟ್ಟು, ಹಾಳೆಗಳನ್ನು ಆಗಾಗ ಬದಲಾಯಿಸುತ್ತ ಒಣಗಿಸಬೇಕು. ಅರಳಿಯ ಎಲೆಯನ್ನು ಕೆಲವು ವಾರ ನೀರಿನಲ್ಲಿ ನೆನೆಯಿಟ್ಟು, ಕೊಳೆತ ಹಸಿರನ್ನು ಮೆಲ್ಲಗೆ ತಿಕ್ಕಿ ತೆಗೆದರೆ, ಜರಡಿಯಂಥ ನರಗಳ ಬಲೆ ಉಳಿಯುತ್ತದೆ. ಅದನ್ನು ಅಂಟಿಸಿದ ಶುಭಾಶಯ ಪತ್ರಕ್ಕೆ ಬೇರೆ ಅಲಂಕಾರವೇ ಬೇಡ. ಪತ್ರಿಕೆಯ ಕಾಗದ ಬೆಳಕು ಗಾಳಿಗಳಿಗೆ ಬೇಗ ಹಳದಿಯಾಗುತ್ತದೆ. ಆದ್ದರಿಂದ ಪುಸ್ತಕವನ್ನು ಬಿಸಿಲಿಗೆ ಬಿಡಬಾರದು. ತುಣುಕನ್ನು ಅಂಟಿಸಿದ ಕೂಡಲೇ ಅದು ದೊರೆತ ದಿನ, ಸ್ಥಳಗಳನ್ನು ಬರೆಯಬೇಕು. ಹೆಸರಿಲ್ಲದ ತುಣುಕು ಬರಿಯ ಚೂರು; ಹೆಸರಿರುವ ತುಣುಕು ಚರಿತ್ರೆ. ಆ ನೇಕಾರರ ಮಗಳಿಗೆ ಇದು ತಿಳಿದಿತ್ತು, ಅವಳ ಉಪಾಧ್ಯಾಯನಿಗೆ ತಿಳಿದಿರಲಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕು. ಗ್ರಂಥಾಲಯದ ಪುಸ್ತಕಗಳಿಂದ ಚಿತ್ರಗಳನ್ನು ಕತ್ತರಿಸಿ ತಮ್ಮ ಪುಸ್ತಕವನ್ನು ಸಿಂಗರಿಸಿಕೊಂಡ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಹತ್ತು ಜನರ ಪುಸ್ತಕವನ್ನು ಕುರುಡು ಮಾಡಿ ತನ್ನೊಂದನ್ನು ಅಲಂಕರಿಸುವುದು ಹವ್ಯಾಸವಲ್ಲ, ಕಳವು. ಬೇಕಾದ ಚಿತ್ರವನ್ನು ನೋಡಿ ಬರೆದುಕೊಳ್ಳಿರಿ. ಅಂಕುಡೊಂಕಾದರೂ ಅದು ನಿಮ್ಮದಾಗುತ್ತದೆ. ಹಾಗೆಯೇ, ಶುಭಾಶಯ ಪತ್ರದಲ್ಲಿ ಯಾರದೋ ಪದ್ಯವನ್ನು ನಕಲು ಮಾಡುವುದಕ್ಕಿಂತ ನಿಮ್ಮದೇ ಒಂದು ಸಾಲು ಮೇಲು. 'ಅಜ್ಜಿ, ನೀನು ಮಾಡಿದ ಹೋಳಿಗೆ ನೆನಪಾಯಿತು' ಎಂಬ ಮಾತಿಗೆ ಯಾವ ಮಹಾಕವಿಯ ನೆರವೂ ಬೇಕಿಲ್ಲ.

ಕಾಲ ಬದಲಾಗಿದೆ. ಹಬ್ಬದ ದಿನಗಳಲ್ಲಿ ಅಂಚೆಯವನ ಚೀಲವನ್ನು ತುಂಬುತ್ತಿದ್ದ ಬಣ್ಣಬಣ್ಣದ ಲಕೋಟೆಗಳು ಈಗ ಅಪರೂಪ. ಹಾಗೆಂದೇ ಇಂದು ಕೈಯಾರೆ ಮಾಡಿದ ಒಂದು ಪತ್ರ ಬಂದರೆ ಮನೆಯವರೆಲ್ಲ ಸುತ್ತ ಸೇರಿ ನೋಡುತ್ತಾರೆ. ಕಳೆದ ವಿಜಯದಶಮಿಗೆ ನಾನೂ ಒಂದು ಪತ್ರ ಮಾಡಿದೆ. ಹಳೆಯ ಲಗ್ನಪತ್ರಿಕೆಯ ಬೆನ್ನಿಗೆ, ಒಣಗಿಸಿದ ನಾಲ್ಕು ಬನ್ನಿಯ ಎಲೆಗಳನ್ನು ಅಂಟಿಸಿ, ಆ ನೇಕಾರರ ಮೊಮ್ಮಗಳಿಗೆ ಕಳಿಸಿದೆ. ವಯಸ್ಸಾದ ಕೈ, ಅಂಚು ಸೊಟ್ಟಗಾಯಿತು, ಅಂಟು ಸ್ವಲ್ಪ ಹೆಚ್ಚಾಯಿತು. ಹದಿನೈದು ದಿನಗಳ ನಂತರ ಉತ್ತರ ಬಂದಿತು. ಗ್ರಾಫ್ ಹಾಳೆಯ ಮೇಲೆ ಎಣಿಸಿ ಬಿಡಿಸಿದ ಒಂದು ಕಸೂತಿಯ ತೇರು. ಅದರ ಕೆಳಗೆ ದಿನ, ಊರು, ಹೆಸರುಗಳನ್ನು ಅವಳು ಮರೆಯದೆ ಬರೆದಿದ್ದಳು.